ಹೊಲ ಒಣಗಿತು, ಚಹಾ ಒಡೆಯಿತು

ಮೊನ್ನೆ ಬೆಳಿಗ್ಗೆ ಹಾಲು ಒಡೆದು ಮನೆಯೆಲ್ಲ ಹುಳಿ ವಾಸನೆ. ಮಗಳು ಹಾಲಿನವನನ್ನು ಬೈದಳು. ಹಾಲು ಒಡೆದರೆ ಹಾಲಿನವನೊಬ್ಬನನ್ನೇ ಬೈಯಬಾರದೆಂದು ನಾನು ಕಲಿತದ್ದು ವಡೋದರಾದಲ್ಲಿ.

ಇಪ್ಪತ್ತು ವರ್ಷದ ಹಿಂದಿನ ಮಾತು. ಅಳಿಯಂದಿರು ಅಲ್ಲಿ ಇಂಜಿನಿಯರು. ಕಾಲುವೆ ನೀರು ಕುಡಿದೂ ಕುಡಿದೂ ಜೌಗಾದ ಹೊಲಗಳ ಕೆಳಗೆ ತೂತಿನ ಕೊಳವೆ ಹೂತು, ನೀರನ್ನೂ ಉಪ್ಪನ್ನೂ ಬಸಿದು ಹೊರಹಾಕುವ ಕೆಲಸ. ಊರೆಲ್ಲ ನೀರು ತರಿಸಲು ಇಂಜಿನಿಯರನ್ನು ಕರೆದರೆ, ಇವರು ನೀರು ಓಡಿಸುವವರು. ಮೊದಲೇ ಗೊತ್ತಿದ್ದರೆ ಹೆಣ್ಣು ಕೊಡುವಾಗ ಇನ್ನೊಮ್ಮೆ ಯೋಚಿಸುತ್ತಿದ್ದೆ.

ರಮಣಭಾಯಿ ಎಂಬ ರೈತನ ಹೊಲ ಹಾಗೆ ಒಣಗಿ ಗೋಧಿ ಎದ್ದು ನಿಂತಿತು. ಖುಷಿಯಾಗಿ ನಮ್ಮನ್ನು ಚಹಾಕ್ಕೆ ಕರೆದ. ಹೆಂಡತಿ ಸವಿತಾಬೇನ್ ಚಹಾ ಇಟ್ಟಳು, ಒಡೆಯಿತು. ಮತ್ತೆ ಇಟ್ಟಳು, ಮತ್ತೆ ಒಡೆಯಿತು. ಗಂಡ ಪಾತ್ರೆಯನ್ನು ಬೈದ, ಆಕೆ ಎಮ್ಮೆಯನ್ನು ಬೈದಳು. ಅಲ್ಲಿ ಬಂದವರಿಗೆ ಮೊದಲು ನೀರು ಕೊಡುತ್ತಾರೆ, ಬೇಡವೆಂದರೆ ಅವಮಾನ. ಅಳಿಯಂದಿರು ಕಣ್ಣು ಮುಚ್ಚಿ ಲೋಟ ಖಾಲಿ ಮಾಡಿ “ಬಹುತ್ ಅಚ್ಛಾ” ಎಂದರು. ನಾನು ಒಂದು ಗುಟುಕಿಗೇ ಉಗುಳಿದೆ, ಬರೀ ಉಪ್ಪು. ಹಾಲು ಒಡೆದದ್ದೂ ಇದಕ್ಕೇ.

“ಅಳಿಯಂದ್ರ, ಇದರಾಗ ಮಾವಿನಕಾಯಿ ನೆನಿ ಹಾಕಬಹುದು.”

“ಅತ್ತೀ, ಮೆಲ್ಲಕ!”

“ಮೆಲ್ಲಕ ಅಂದ್ರ ನೀರು ಸಿಹಿ ಆಗ್ತೈತೇನು? ನಿಮ್ಮ ಕೊಳವಿ ಬಾಯಿ ಎಲ್ಲೈತಿ?”

ಹಿತ್ತಲಿನ ಹೊಂಡದಲ್ಲಿತ್ತು. ಪಕ್ಕದಲ್ಲೇ ಸವಿತಾಬೇನಳ ಕುಡಿಯುವ ನೀರಿನ ಬಾವಿ. ದೂರದ ನಾಲೆಯವರೆಗೆ ಅಗೆಯುವುದು ತಪ್ಪಲೆಂದು ರಮಣಭಾಯಿಯೇ ಹಟ ಹಿಡಿದಿದ್ದ, ಅಳಿಯಂದಿರು ದಾಕ್ಷಿಣ್ಯಕ್ಕೆ ಹೂಂ ಅಂದಿದ್ದರು.

“ಖೇತರ್‌ನು ಮೀಠು ಮಾರಾ ಕೂವಾಮಾಂ?” ಎಂದಳು ಆಕೆ. ಹೊಲದ ಉಪ್ಪು ನನ್ನ ಬಾವಿಗಾ ಎಂದು.

“ಅರೇ, ಗೋಧಿ ನೋಡೇ!” ಎಂದ ರಮಣಭಾಯಿ.

“ಗೋಧಿ ಹಿಟ್ಟು ಯಾವ ನೀರಲ್ಲಿ ಕಲಸಲಿ? ಅದನ್ನು ಹೇಳು.”

ಅಳಿಯಂದಿರು ಆಗ ನಿಜವಾಗಿ ಇಂಜಿನಿಯರಾದರು. ಹೊಂಡದ ನೀರು ಖಾಲಿ ಮಾಡಿಸಿ, ಕೊಳವೆಯನ್ನು ನಾಲೆಯವರೆಗೆ ಒಯ್ದು, ಗೊಬ್ಬರದ ಅಂಶ ಹೀರಲೆಂದು ನಡುವೆ ಜೊಂಡು ಬೆಳೆಸಿ, ಬಾಯಿಗೊಂದು ಮುಚ್ಚಳ ಇಟ್ಟರು. ನಾಲೆ ತುಂಬಿ ಹರಿಯುವಾಗಷ್ಟೇ ತೆರೆಯಬೇಕು, ಇಲ್ಲದಿದ್ದರೆ ಉಪ್ಪು, ಗೊಬ್ಬರ ಎಲ್ಲ ತೆಳುವಾಗದೆ ಕೆಳಗಿನ ಊರವರ ಬಾಯಿಗೆ. ಮುಚ್ಚಳ ತಿರುಗಿಸುವ ಹಿಡಿಯನ್ನು ವಾಡಿಕೆಯಂತೆ ಗಂಡನ ಕೈಗೆ ಕೊಟ್ಟರು. ಸವಿತಾಬೇನ್ ಕಿತ್ತುಕೊಂಡು ಸೊಂಟದ ಕೀಲಿಗೊಂಚಲಿಗೆ ಸಿಕ್ಕಿಸಿದಳು. ಎರಡು ಮಳೆಗಾಲ ಕಳೆದ ಮೇಲೆ ಬಾವಿ ನೀರು ಬಾಯಿಗೆ ಹಿಡಿಸುವಂತಾಯಿತು. ಅಷ್ಟರಲ್ಲಿ ರಮಣಭಾಯಿ ಹೆಂಡತಿಗೆ ಕೈ ಮುಗಿದು “ಮುಚ್ಚಳ ಸ್ವಲ್ಪ ತೆಗಿಯೇ” ಎನ್ನುವುದನ್ನೂ ಕಲಿತಿದ್ದ.

ಈಗ ನಾವು ಅಹಮದಾಬಾದಿನ ಫ್ಲಾಟಿನಲ್ಲಿದ್ದೇವೆ, ಅಳಿಯಂದಿರು ನಿವೃತ್ತರು. ನಿನ್ನೆ ಸೊಸೈಟಿ ಕಾರ್ಯದರ್ಶಿ ಬಂದು, ಪಾರ್ಕಿಂಗಿನ ಕೊಳೆನೀರನ್ನು ಕಾಂಪೌಂಡಿನಾಚೆ ಬಿಡಲು ಇವರ ಒಪ್ಪಿಗೆ ಕೇಳಿದ.

“ಆ ಕಡೆ ಕುಡಿಯುವ ನೀರು ಹಿಡಿಯುವವರು ಯಾರು? ಮೊದಲು ಅವರನ್ನು ಕೇಳಿ ಬನ್ನಿ” ಎಂದರು ಅಳಿಯಂದಿರು. ನಾನು ಬಾಯಿ ತೆರೆಯಬೇಕಾಗಲೇ ಇಲ್ಲ.

ಕಾರ್ಯದರ್ಶಿ ಹೋಗಿ ಬಂದ. ಆ ಕಡೆಯ ಹೆಂಗಸರು ಏನೆಂದರೆಂದು ನನ್ನೆದುರು ಹೇಳಲು ನಾಚಿದ. ಕೊಳೆನೀರು ಬಿಡಲು ತಂದಿದ್ದ ಪೈಪು ಇನ್ನೂ ಅಂಗಳದಲ್ಲೇ ಬಿದ್ದಿದೆ.