ಪೋಲೊ ಬಾಯಿ ಮುಚ್ಚಿದ ಪಂದ್ಯ

ಎರಿ ಸರೋವರದಿಂದ ಬಂದ ಮಂಜು ಇನ್ನೂ ಮೈದಾನ ಬಿಟ್ಟು ಎದ್ದಿಲ್ಲ. ಆ ಮಂಜಿನೊಳಗೆ ಭಾರೀ ಆಳೊಬ್ಬರು ಕಾಲು ಅಗಲಿಸಿ, ಸೊಂಟ ಬಗ್ಗಿಸಿ, ಒದ್ದೆ ಹುಲ್ಲಿನ ಮೇಲಿಟ್ಟ ಮೊಟ್ಟೆಯಾಕಾರದ ಚೆಂಡಿಗೆ ಕೈ ಹಾಕಿ ಕಾಯುತ್ತಿದ್ದಾರೆ. ಅವರ ಹಿಂದೆ ಒಬ್ಬ ಎಳೆಯ ಹುಡುಗ ಎರಡೂ ಅಂಗೈಗಳನ್ನು ಅವರ ಕಾಲಸಂದಿಗೆ ಒಡ್ಡಿ ನಿಂತಿದ್ದಾನೆ. ಹುಡುಗ ಏನೋ ಹೇಳುತ್ತಾನೆ. ಚೆಂಡು ಅಲುಗಾಡುವುದಿಲ್ಲ.

"ಏನೋ ಅದು, ಹುಡುಗಿ ಕಿವೀಲಿ ಗುಟ್ಟು ಹೇಳ್ತಿದ್ದೀಯಾ?" ಬಗ್ಗಿದವರು ಬಗ್ಗಿದಲ್ಲಿಂದಲೇ ಗದರುತ್ತಾರೆ. "ಜೋರಾಗಿ ಕೂಗು. ನೀರಿನ ಆಚೆ ಕೆನಡಾದವರಿಗೂ ಕೇಳಿಸ್ಬೇಕು."

ಹುಡುಗ ಮತ್ತೆ ಕೂಗುತ್ತಾನೆ. ಈ ಸಲ ಚೆಂಡು ಸರಕ್ಕನೆ ಹಿಂದೆ ಬಂದು ಅವನ ಅಂಗೈಗೆ ಬಡಿಯುತ್ತದೆ. ಬಗ್ಗಿದವರು ಎದ್ದು, ಸೊಂಟದ ಮೇಲೆ ಕೈಯಿಟ್ಟು ಒಮ್ಮೆ ನರಳಿ, ಮತ್ತೆ ಬಗ್ಗುತ್ತಾರೆ. ಬೇಸಿಗೆ ಶಿಬಿರ ಶುರುವಾದರೆ ದಿನಕ್ಕೆ ಮುನ್ನೂರು ಸಲವಾದರೂ ಹೀಗೆ ಬಗ್ಗುವುದು ವೆಂಡೆಲ್ ಪೊಲಾಸೆಕ್ ಅವರ ಉದ್ಯೋಗ.

ಪೋರ್ಟ್ ಹ್ಯಾರೋದಲ್ಲಿ ವೆಂಡೆಲ್ ಎಂದರೆ ಯಾರಿಗೂ ಗೊತ್ತಾಗುವುದಿಲ್ಲ. ಪೋಲೊ ಎಂಬ ಅಡ್ಡಹೆಸರು ಹೇಳಿದರೂ ಅರ್ಧ ಜನ ತಲೆ ಕೆರೆದುಕೊಳ್ಳುತ್ತಾರೆ. ನಮ್ಮೂರಿನ ಫುಟ್‌ಬಾಲ್ ತಂಡ ಡ್ರೆಜರ್ಸ್‌ನ ಎರಡನೇ ಸೆಂಟರ್ ಅವರು, ಅಂದರೆ ಬಗ್ಗಿ ನಿಂತು, ಹಿಂದಿರುವ ಎಸೆಗಾರ ಕ್ವಾರ್ಟರ್‌ಬ್ಯಾಕ್‌ಗೆ ಚೆಂಡು ಕೊಡುವವರು. ಅಂಗಿಯ ನಂಬರ್ ಅರವತ್ತೆರಡು, ವಯಸ್ಸು ಮೂವತ್ತನಾಲ್ಕು. ಮೊದಲನೇ ಸೆಂಟರ್‌ಗೆ ಮಂಡಿ ನೋವಾದಾಗ ಮಾತ್ರ ಅಸಲಿ ಪಂದ್ಯ ಆಡುತ್ತಾರೆ. ಉಳಿದಂತೆ ಅವರ ಆಟವೆಲ್ಲ ಆಗಸ್ಟ್ ತಿಂಗಳಲ್ಲಿ, ಲೀಗ್ ಶುರುವಾಗುವ ಮುಂಚಿನ ತಾಲೀಮು ಪಂದ್ಯಗಳಲ್ಲಿ, ಕೆಲಸ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲದ ಹುಡುಗರ ನಡುವೆ.

"ನನ್ನ ಮುಖ ಯಾರಿಗೂ ಗೊತ್ತಿಲ್ಲ. ಹಿಂಭಾಗ ಮಾತ್ರ ಈ ದೇಶದ ಎಷ್ಟೋ ದೊಡ್ಡ ದೊಡ್ಡ ಕ್ವಾರ್ಟರ್‌ಬ್ಯಾಕ್‌ಗಳಿಗೆ ಚೆನ್ನಾಗಿ ಗೊತ್ತು" ಎಂದು ಪೋಲೊ ನಗುತ್ತಾರೆ. ಈ ಮಾತನ್ನು ಅವರು ಎಲ್ಲರ ಮುಂದೆಯೂ ಹೇಳುತ್ತಾರೆ, ಪಾದ್ರಿಯ ಮುಂದೆಯೂ ಹೇಳಿದ್ದಾರೆ ಎಂದು ಹೆಂಡತಿ ಮಾರ್ಲೀನ್ ದೂರುತ್ತಾರೆ. ಆಕೆ ಶಾಲಾ ಬಸ್ ಓಡಿಸುತ್ತಾರೆ. ಗಂಡನನ್ನು ಐದು ತಂಡಗಳು ಕೈಬಿಟ್ಟಾಗಲೂ ಆ ಬಸ್ಸು ಒಂದು ದಿನವೂ ನಿಂತಿಲ್ಲ.

ಪೋಲೊ ಅವರ ತಂದೆ ಬಂದರಿನಲ್ಲಿ ಅದಿರು ಇಳಿಸುವ ಕ್ರೇನ್ ನಡೆಸುತ್ತಿದ್ದರು. ಹೆಸರಾಂತ ಕಾಲೇಜು ಯಾವುದೂ ಮಗನನ್ನು ಕರೆಯಲಿಲ್ಲ, ಹರಾಜಿನಂತೆ ನಡೆಯುವ ಆಯ್ಕೆಯ ದಿನ ಯಾವ ತಂಡವೂ ಹೆಸರು ಕೂಗಲಿಲ್ಲ. ಬಫಲೊದಿಂದ ಹಿಡಿದು ಅರಿಜೋನಾದವರೆಗೆ ಬೇಸಿಗೆಗೊಂದು ಶಿಬಿರ ಸೇರಿದರು. ಶಿಬಿರ ಮುಗಿಯುವಾಗ ಯಾರೋ ಬಂದು ಭುಜ ತಟ್ಟಿ, ಕೋಚ್ ಕರೆಯುತ್ತಿದ್ದಾರೆ ಎನ್ನುತ್ತಿದ್ದರು. ಈ ಆಟದಲ್ಲಿ ಹಾಗೆ ಕರೆದರೆ ಗಂಟುಮೂಟೆ ಕಟ್ಟಬೇಕು. ಕೊನೆಗೆ ಹುಟ್ಟೂರಿನ ತಂಡವೇ ಅವರನ್ನು ಕರೆಸಿಕೊಂಡಿತು. ಅದಕ್ಕೆ ಕಾರಣ ಅವರ ಬಾಯಿ.

ಸೆಂಟರ್ ಚೆಂಡು ಕೊಡುವುದು ಕಣ್ಣಿಗೆ ಕಾಣುವ ಕೆಲಸ. ಅದಕ್ಕೂ ಮುಂಚೆ ಕಿವಿಗೆ ಬೀಳುವ ಕೆಲಸವೊಂದಿದೆ. ಎದುರಾಳಿಗಳ ಸಾಲಿನಲ್ಲಿ ನಡುವಿನವನು ಯಾರು ಎಂದು ಅವನು ಬೆರಳು ತೋರಿಸಿ ಕೂಗಬೇಕು. ತನ್ನ ಕ್ವಾರ್ಟರ್‌ಬ್ಯಾಕ್‌ಗೆ ಅಡ್ಡಗೋಡೆಯಾಗಿ ನಿಂತ ಐವರೂ ಆ ಬೆರಳಿನಿಂದಲೇ ಲೆಕ್ಕ ಹಿಡಿದು, ಯಾರು ಯಾರನ್ನು ತಡೆಯಬೇಕು ಎಂದು ಹಂಚಿಕೊಳ್ಳುತ್ತಾರೆ. ಬೆರಳು ತಪ್ಪಿದರೆ ಎದುರಾಳಿಗಳಲ್ಲೊಬ್ಬ ಅಡೆತಡೆಯಿಲ್ಲದೆ ಒಳನುಗ್ಗುತ್ತಾನೆ. ಪೋಲೊ ಅವರ ಬೆರಳು ಬಹುಮಟ್ಟಿಗೆ ತಪ್ಪುವುದಿಲ್ಲ, ಅವರ ಗಂಟಲಂತೂ ಎಂಥ ಗದ್ದಲದಲ್ಲೂ ಸೋಲುವುದಿಲ್ಲ.

ಈ ವರ್ಷ ಡ್ರೆಜರ್ಸ್ ಮಿಸಿಸಿಪಿಯಿಂದ ಟ್ರೇವನ್ ಆಷ್‌ಬಿ ಎಂಬ ಹೊಸ ಕ್ವಾರ್ಟರ್‌ಬ್ಯಾಕ್‌ನನ್ನು ತಂದಿದೆ. ಮಂಜಿನಲ್ಲಿ ನಿಂತ ಹುಡುಗ ಅವನೇ. ತೋಳಿನಲ್ಲಿ ಬಲವಿದೆ, ಕಣ್ಣಿನಲ್ಲಿ ಚುರುಕಿದೆ. ಆದರೆ ಅಜ್ಜಿಯ ಕೈಯಲ್ಲಿ ಬೆಳೆದವನು, ದೊಡ್ಡವರ ಮುಂದೆ ದನಿ ಎತ್ತಿದವನಲ್ಲ. ತನಗಿಂತ ಹತ್ತು ವರ್ಷ ಹಿರಿಯರಿಗೆ ಆಜ್ಞೆ ಮಾಡು ಎಂದರೆ ಕಿವಿ ಕೆಂಪಗಾಗುತ್ತದೆ.

ಮೊದಲ ತಾಲೀಮು ಪಂದ್ಯದಲ್ಲಿ ಈ ಹುಡುಗ ಆರಾರು ಅಂಕ ತರುವ ಮೂರು ಟಚ್‌ಡೌನ್ ಎಸೆದ. ಊರಿಗೆ ಹುಚ್ಚು ಹಿಡಿಯಿತು. ಲೊರೇನ್ ತಮ್ಮ ಹೋಟೆಲಿನ ಡೋನಟ್‌ಗಳ ಮೇಲೆಲ್ಲ ಅವನ ನಂಬರ್ ಏಳನ್ನು ಸಕ್ಕರೆಯಲ್ಲಿ ಬರೆದರು. ರೇಡಿಯೊದವನು ಫೆಬ್ರವರಿಯ ಫೈನಲ್‌ಗೆ ಈಗಲೇ ಹೋಟೆಲ್ ಕೋಣೆ ಕಾದಿರಿಸಿ ಎಂದ. ಎದುರು ತಂಡದವರು ತಮ್ಮ ಅಸಲಿ ಆಟಗಾರರನ್ನು ಬೆಂಚಿನ ಮೇಲೆ ಕೂರಿಸಿದ್ದರು ಎಂಬುದನ್ನು ಯಾರೂ ನೆನೆಯಲಿಲ್ಲ. ಇನ್ನೊಂದು ಸಂಗತಿಯನ್ನಂತೂ ಯಾರೂ ಗಮನಿಸಲೇ ಇಲ್ಲ. ಆ ರಾತ್ರಿ ಪ್ರತಿ ಸಲವೂ ಬೆರಳು ತೋರಿಸಿ ಕೂಗಿದವರು ಪೋಲೊ. ಹುಡುಗ ಹಾಯಾಗಿ ನಿಂತು ಎಸೆದಿದ್ದ.

ಮುಖ್ಯ ಕೋಚ್ ಗಸ್ ಡೆಲ್ವೆಕ್ಯೊ ಮಾತ್ರ ಗಮನಿಸಿದ್ದರು. ಮಂಜಿನ ಈ ಬೆಳಿಗ್ಗೆ ಅಭ್ಯಾಸ ಮುಗಿಯುತ್ತಲೇ ಅವರು ಪೋಲೊ ಅವರನ್ನು ಬೇಲಿಯ ಬಳಿಗೆ ಕರೆಯುತ್ತಾರೆ.

"ಶನಿವಾರದ ಪಂದ್ಯದಲ್ಲಿ ನೀನು ಬಾಯಿ ಬಿಡಕೂಡದು. ಬೆರಳೂ ಎತ್ತಕೂಡದು. ಎಲ್ಲಾ ಹುಡುಗನೇ ಹೇಳ್ಲಿ. ನಾನು ಅವನನ್ನ ನೋಡ್ಬೇಕು, ನಿನ್ನನ್ನಲ್ಲ."

"ಅವನು ತಪ್ಪು ಹೇಳಿದ್ರೆ?"

"ತಪ್ಪನ್ನೇ ಮಾಡು."

ಗಸ್ ಮುಚ್ಚುಮರೆಯಿಲ್ಲದ ಮನುಷ್ಯ. ಎರಡನೇ ಸೆಂಟರ್ ಜಾಗ ಒಂದೇ ಇರುವುದು, ಅದಕ್ಕೆ ಇನ್ನೊಬ್ಬ ಇಪ್ಪತ್ಮೂರರ ಗಟ್ಟಿ ಹುಡುಗನೂ ಕಾಯುತ್ತಿದ್ದಾನೆ. "ಟ್ರೇವನ್‌ಗೆ ಇನ್ನೂ ಬಾಯಿ ಬಂದಿಲ್ಲ ಅಂದ್ರೆ ನನಗೆ ನಿನ್ನ ಬಾಯಿ ಬೇಕು ಪೋಲೊ. ಬಂದಿದೆ ಅಂದ್ರೆ, ಬೇಜಾರು ಮಾಡ್ಕೋಬೇಡ, ನನಗೆ ಅಗೋ ಅವನ ಕಾಲು ಬೇಕು" ಎಂದು ದೂರದಲ್ಲಿ ಓಡುತ್ತಿದ್ದ ಆ ಗಟ್ಟಿ ಹುಡುಗನತ್ತ ತೋರಿಸುತ್ತಾರೆ. ಅಂದರೆ ಟ್ರೇವನ್ ಎಡವಿದರೆ ಪೋಲೊ ಉಳಿಯುತ್ತಾರೆ, ಗೆದ್ದರೆ ಮನೆಗೆ. ಆದರೂ ಆ ವಾರವಿಡೀ ಪೋಲೊ ಬೆಳಗಾಗುವ ಮುಂಚೆ ಮೈದಾನಕ್ಕೆ ಬಂದು, ಅದೇ ಹುಡುಗನಿಗೆ ಕೂಗುವುದನ್ನು ಕಲಿಸುತ್ತಾರೆ. ಇಂಥವರಿಗೆ ಏನೆನ್ನಬೇಕೋ ನಮಗೆ ತಿಳಿಯದು.

ಶನಿವಾರ. ಗ್ಯಾಲರಿ ಕಿಕ್ಕಿರಿದಿದೆ. ಟ್ರೇವನ್ ಸಾಲಿನ ಹಿಂದೆ ಬಂದು ನಿಂತು ಏನೋ ಗೊಣಗುತ್ತಾನೆ. ಇಬ್ಬರಿಗೆ ಕೇಳಿಸುತ್ತದೆ, ಮೂವರಿಗೆ ಇಲ್ಲ. ಎಡಗಡೆಯವನು ನುಗ್ಗಲು ಹೊಂಚುತ್ತಿರುವುದು ಪೋಲೊಗೆ ಸ್ಪಷ್ಟವಾಗಿ ಕಾಣುತ್ತಿದೆ. ಕೂಗು ಗಂಟಲಿನವರೆಗೆ ಬಂದಿದೆ. ಹಲ್ಲು ಕಚ್ಚಿ ಚೆಂಡು ಕೊಡುತ್ತಾರೆ. ಹುಡುಗನ ಬೆನ್ನಿಗೆ ಏಟು ಬೀಳುತ್ತದೆ, ಚೆಂಡು ಉರುಳಿ ಎದುರಾಳಿಗಳ ಪಾಲಾಗುತ್ತದೆ. ದೊಡ್ಡ ಪರದೆಯ ಮೇಲೆ ನಿಧಾನವಾಗಿ ತೋರಿಸಿದ ಚಿತ್ರದಲ್ಲಿ ಪೋಲೊ ಯಾರನ್ನೂ ತಡೆಯದೆ ಗಾಳಿಗೆ ಕೈ ಚಾಚಿ ನಿಂತಿದ್ದಾರೆ. "ಅರವತ್ತೆರಡು, ನಿದ್ದೆ ಆಯ್ತಾ?" ಎಂದು ಗ್ಯಾಲರಿಯಿಂದ ಯಾರೋ ಅರಚುತ್ತಾರೆ. ಉಳಿದ ತಂಡಗಳ ಕೋಚ್‌ಗಳು ನೋಡುವುದೂ ಇದೇ ಚಿತ್ರವನ್ನು.

ಬೆಂಚಿನ ಮೇಲೆ ಟ್ರೇವನ್ ಪಕ್ಕಕ್ಕೆ ಬಂದು ಕೂರುತ್ತಾನೆ. ಉಸಿರು ಇನ್ನೂ ಸರಿಯಾಗಿಲ್ಲ.

"ಯಾಕಣ್ಣ ಹೇಳ್ಲಿಲ್ಲ? ನಿಮಗೆ ಕಂಡಿರುತ್ತೆ."

"ಕಂಡಿತ್ತು. ಹೇಳ್ಬೇಡ ಅಂದಿದ್ದಾರೆ. ಇವತ್ತು ನಿನ್ನದೇ ಮಾತು."

"ನನಗೆ ಗೊತ್ತಾಗ್ದಿದ್ರೆ?"

"ಗೊತ್ತಾಗ್ದಿದ್ರೂ ಜೋರಾಗಿ ಹೇಳು. ನಾವು ಐದೂ ಜನ ಸೇರಿ ಒಂದೇ ತಪ್ಪು ಮಾಡಿದ್ರೆ ಹೆಂಗೋ ಬಚಾವಾಗ್ತೀಯ. ಒಬ್ಬೊಬ್ಬರು ಒಂದೊಂದು ಥರ ಮಾಡಿದ್ರೆ ನಿನ್ನ ಅಜ್ಜಿ ಆಸ್ಪತ್ರೆಗೆ ಬರ್ಬೇಕಾಗುತ್ತೆ."

ಆಮೇಲೂ ಆಟ ಚೆನ್ನಾಗಿ ಆಗುವುದಿಲ್ಲ. ಒಂದು ಎಸೆತ ಎದುರಾಳಿಯ ಕೈಗೆ ಹೋಗುತ್ತದೆ, ಇನ್ನೊಂದು ಅಂಪೈರ್ ಕಾಲಿಗೆ ಬಡಿಯುತ್ತದೆ. ಆದರೆ ದನಿ ಸ್ವಲ್ಪ ಸ್ವಲ್ಪವೇ ಏರುತ್ತದೆ. ಮೂರನೇ ಪಾಳಿಯಲ್ಲಿ ಟ್ರೇವನ್ ಸಾಲಿನ ಹಿಂದೆ ಬಂದು, ಕೈ ಚಾಚಿ, ಗಂಟಲು ಹರಿಯುವಂತೆ ಕೂಗುತ್ತಾನೆ: "ಐವತ್ತೊಂಬತ್ತು! ನಡುವಿನವನು ಐವತ್ತೊಂಬತ್ತು!"

ಪೋಲೊ ಲೆಕ್ಕದಲ್ಲಿ ಅದು ತಪ್ಪು. ನುಗ್ಗುವವನು ಐವತ್ತನಾಲ್ಕನೇ ನಂಬರಿನವನು, ಬಲಗಡೆಯಿಂದ. ಹುಡುಗನ ಮಾತು ಬದಿಗಿಟ್ಟು ತಾವು ಐವತ್ತನಾಲ್ಕನ್ನು ತಡೆದರೆ ಚಿತ್ರದಲ್ಲಾದರೂ ಅವರ ಮಾನ ಉಳಿಯುತ್ತದೆ. "ನನ್ನ ಮೈ ಆಗಲೇ ಆ ಕಡೆ ವಾಲಿತ್ತು. ಎಳೆದು ತಂದು ಈ ಕಡೆ ನಿಲ್ಲಿಸ್ದೆ" ಎನ್ನುತ್ತಾರೆ ಪೋಲೊ. ಚೆಂಡು ಕೊಟ್ಟು ಐವರೂ ಒಟ್ಟಾಗಿ ಐವತ್ತೊಂಬತ್ತರ ಕಡೆಗೆ ಸರಿಯುತ್ತಾರೆ. ಐವತ್ತನಾಲ್ಕು ನುಗ್ಗಿಯೇ ಬರುತ್ತಾನೆ. ಅವನನ್ನೇ ಕಾದಿದ್ದವನಂತೆ ಟ್ರೇವನ್ ಒಂದು ಹೆಜ್ಜೆ ಹಿಂದಿಟ್ಟು, ಅವನ ತಲೆಯ ಮೇಲಿಂದ ಚೆಂಡು ಎಸೆದು, ಏಟು ತಿಂದು ಅಂಗಾತ ಬೀಳುತ್ತಾನೆ. ಚೆಂಡು ತನ್ನವನ ಕೈ ಸೇರಿದೆ.

ಪೋಲೊ ಅವನನ್ನು ಎಬ್ಬಿಸುತ್ತ ಕೇಳುತ್ತಾರೆ. "ಐವತ್ತನಾಲ್ಕು ಬರ್ತಾನೆ ಅಂತ ಗೊತ್ತಿತ್ತೇನೋ?"

"ಗೊತ್ತಿತ್ತಣ್ಣ. ಅವನು ನನಗೆ ಎದುರಿಗೇ ಕಾಣ್ತಿದ್ದ, ಅವನನ್ನ ನಾನು ನೋಡ್ಕೊಂಡೆ. ಎಸೆಯೋಕೆ ತಿರುಗಿದಾಗ ನನ್ನ ಬೆನ್ನಿನ ಕಡೆಯಿಂದ ಬರೋನು ಐವತ್ತೊಂಬತ್ತು. ಅವನನ್ನ ನೀವು ನೋಡ್ಕೊಳ್ಳಿ ಅಂತ ಕೂಗ್ದೆ."

"ಒಂದು ಗಳಿಗೆ ಹೊಟ್ಟೆ ಉರೀತು, ಸುಳ್ಳು ಯಾಕೆ ಹೇಳ್ಲಿ" ಎನ್ನುತ್ತಾರೆ ಪೋಲೊ. "ಆಮೇಲೆ ಎಷ್ಟು ಖುಷಿಯಾಯ್ತು ಅಂದ್ರೆ, ಸೋಲ್ತಿದ್ದೀವಿ ಅನ್ನೋದೇ ಮರೆತೋಯ್ತು."

ಡ್ರೆಜರ್ಸ್ ಸೋಲುತ್ತದೆ. ಹುಡುಗನ ಹೆಸರಿನ ಮುಂದೆ ಒಂದೂ ಟಚ್‌ಡೌನ್ ಇಲ್ಲ. ಭಾನುವಾರ ಲೊರೇನ್ ಹೋಟೆಲಿನಲ್ಲಿ ಡೋನಟ್‌ಗಳು ಬೋಳುಬೋಳಾಗಿ ಕೂತಿವೆ. "ಹೋದ ವಾರ ದೇವರು, ಈ ವಾರ ದಂಡಪಿಂಡ. ನನ್ನ ಸಕ್ಕರೆ ದಂಡ" ಎಂದು ಆಕೆ ಗೊಣಗುತ್ತಾರೆ. ರೇಡಿಯೊದವನು ಹುಡುಗನನ್ನು ಮಿಸಿಸಿಪಿಗೆ ವಾಪಸ್ ಕಳಿಸಿ ಎನ್ನುತ್ತಾನೆ. ನಮ್ಮೂರಿನ ಜನಕ್ಕೆ ಅಂಕಿ ಕಂಡರೆ ಸಾಕು, ಆಟ ಕಾಣಬೇಕಾಗಿಲ್ಲ.

ಸೋಮವಾರ ಕೋಚ್ ಕರೆಯುತ್ತಾರೆ. ಹೊರಡುವಾಗ ಮಾರ್ಲೀನ್ ಬಸ್ಸಿನ ಬೀಗದ ಕೈ ಹುಡುಕುತ್ತ ಗಂಡನಿಗೆ ಹೇಳುತ್ತಾರೆ, "ಕೋಚ್ ಮುಂದೆ ಏನು ಬೇಕಾದ್ರೂ ಹೇಳ್ಕೊ, ನಾನು ಕೇಳಲ್ಲ. ಆಮೇಲೆ ಮನೇಲಿ ಮುಖ ಊದಿಸ್ಕೊಂಡು ಮಾತ್ರ ಕೂರ್ಬೇಡ."

ಕೋಚ್ ಕೋಣೆಯಲ್ಲಿ ಪಂದ್ಯದ ಚಿತ್ರ ಓಡುತ್ತಿದೆ. ಗಸ್ ಅದನ್ನು ಐವತ್ತೊಂಬತ್ತರ ಕೂಗಿನ ಬಳಿ ನಿಲ್ಲಿಸುತ್ತಾರೆ. ಅದು ತಿಳಿದು ಮಾಡಿದ್ದೋ, ಅದೃಷ್ಟಕ್ಕೆ ಒದಗಿದ್ದೋ ಅವರಿಗೂ ಅನುಮಾನ.

"ಅವನ ಮುಂದೆ ಬಗ್ಗಿದ್ದವನು ನೀನು. ಹೇಳು, ಹುಡುಗ ತಯಾರಾ?"

ಗೊತ್ತಿಲ್ಲ ಎಂದರೆ ಸಾಕಿತ್ತು. ಅದೃಷ್ಟ ಚೆನ್ನಾಗಿತ್ತು ಎಂದರೂ ಸಾಕಿತ್ತು, ಯಾರೂ ಆಡಿಕೊಳ್ಳುತ್ತಿರಲಿಲ್ಲ. ಪೋಲೊ ಟೋಪಿ ತೆಗೆದು ಮಂಡಿಯ ಮೇಲಿಡುತ್ತಾರೆ.

"ತಯಾರು. ತಿಳಿದೇ ಕೂಗಿದ್ದು. ನನ್ನ ಲೆಕ್ಕಕ್ಕಿಂತ ಅವನದ್ದೇ ಚೆನ್ನಾಗಿತ್ತು."

"ನೀನು ಏನು ಹೇಳ್ತಿದ್ದೀಯ, ಗೊತ್ತಲ್ವಾ?"

"ಗೊತ್ತು. ನನ್ನ ಬಗ್ಗೆ ಕೇಳಿದ್ದಿದ್ರೆ ಬೇರೆ ಥರ ಹೇಳ್ತಿದ್ದೆ ಕೋಚ್. ನೀವು ಹುಡುಗನ ಬಗ್ಗೆ ಕೇಳಿದ್ರಿ."

ಮಂಗಳವಾರ ತಂಡ ಕೈಬಿಟ್ಟವರ ಹೆಸರುಗಳನ್ನು ರೇಡಿಯೊದವನು ಒಂದೇ ಉಸಿರಿನಲ್ಲಿ ಓದುತ್ತಾನೆ. ಪೊಲಾಸೆಕ್ ಎಂಬುದನ್ನು ತಪ್ಪಾಗಿ ಓದುತ್ತಾನೆ. ಟ್ರೇವನ್ ಜಾಗ ಗಟ್ಟಿಯಾಗಿದೆ.

ಈಗ ಪೋಲೊ ದಿನವೂ ಮನೆಯ ಹಿತ್ತಲಿನಲ್ಲಿ ಬಗ್ಗಿ, ಬೇಲಿಗೆ ಕಟ್ಟಿದ ಟೈರಿನೊಳಕ್ಕೆ ಚೆಂಡು ಕಳಿಸುತ್ತಾರೆ. ಯಾವುದಾದರೂ ತಂಡದ ಸೆಂಟರ್ ಗಾಯಗೊಂಡರೆ ಫೋನ್ ಬರಬಹುದು, ಆಗ ಮೈ ಸಿದ್ಧವಿರಬೇಕು. ಈ ವಾರ ಡೆನ್ವರ್ ಕಡೆಯ ಯಾರೋ ವಿಚಾರಿಸಿದ್ದಾರಂತೆ. ಅಲ್ಲೂ ಒಬ್ಬ ಹೊಸ ಹುಡುಗ, ಅವನದ್ದೂ ಮೆತ್ತಗಿನ ದನಿ. "ಕರೀಲಿ ಸಾಕು, ನಾಳೇನೇ ಹೊರಡ್ತೀನಿ. ನನಗೆ ಇನ್ನೇನೂ ಬೇಡ" ಎನ್ನುತ್ತಾರೆ ಪೋಲೊ.

ಬಸ್ಸು ತೊಳೆಯುತ್ತಿದ್ದ ಮಾರ್ಲೀನ್ ಅಲ್ಲಿಂದಲೇ ಕೂಗುತ್ತಾರೆ. "ಈ ಸಲವಾದ್ರೂ ಸ್ವಲ್ಪ ನಿಧಾನಕ್ಕೆ ಕಲಿಸು ಮಾರಾಯ. ಒಂದು ವರ್ಷ ಪೂರ್ತಿ ಕೆಲಸ ಇರ್ಲಿ."

ಪೋಲೊ ನಗುವುದಿಲ್ಲ. ಚೆಂಡು ಎತ್ತಿಕೊಂಡು, ಒರೆಸಿ, ಮತ್ತೆ ನೆಲಕ್ಕಿಡುತ್ತಾರೆ.

"ಆಗಲ್ಲ ಕಣೇ. ನಾನು ತಡ ಮಾಡಿದ್ರೆ ಏಟು ತಿನ್ನೋನು ಆ ಹುಡುಗ."