ಮೀನಿನ ಮೋಟರಿಗೆ ಮಾಡಿದ ಪೂಜೆ

ವಿಜಯದಶಮಿಯ ಬೆಳಿಗ್ಗೆ ಕೆಂಪಾಜಮ್ಮ ಕ್ಲಿನಿಕ್ಕಿನ ಬೀಗ ತೆಗೆದಾಗ ಮೊದಲು ಮೂಗಿಗೆ ಬಡಿದದ್ದು ಹೂದಾನಿಯಲ್ಲಿ ಕೊಳೆತ ನೀರಿನಂಥ ವಾಸನೆ. ರೋಗಿಗಳು ಕಾಯುವ ಹಾಲಿನ ಮೂಲೆಯ ಗಾಜಿನ ತೊಟ್ಟಿಯಲ್ಲಿ ನೀರು ತೆಳು ಗಂಜಿಯಂತೆ ಮಸುಕಾಗಿತ್ತು. ಮೂರು ಕಿತ್ತಳೆ ಮೀನು, ಒಂದು ಕರಿ ಮೀನು, ನಾಲ್ಕೂ ಮೇಲಕ್ಕೆ ಬಂದು ಬಾಯಿ ಬಿಟ್ಟು ಗಾಳಿಗೆ ತಡಕಾಡುತ್ತಿದ್ದವು. ನೀರು ಸೋಸುವ ಮೋಟರು ತೊಟ್ಟಿಯೊಳಗೆ ಇರಲೇ ಇಲ್ಲ. ಮೇಜಿನ ಮೇಲೆ, ಬಿ.ಪಿ. ನೋಡುವ ಯಂತ್ರ, ಸೂಜಿ ಕುದಿಸುವ ಡಬ್ಬಿಗಳ ಸಾಲಿನಲ್ಲಿ, ಮೂರು ಪಟ್ಟೆ ವಿಭೂತಿ ಬಳಿದುಕೊಂಡು, ತಲೆಗೊಂದು ಚೆಂಡುಹೂ ಸಿಕ್ಕಿಸಿಕೊಂಡು ಕೂತಿತ್ತು.

ಕೆಂಪಾಜಮ್ಮ ಹಣೆ ಚಚ್ಚಿಕೊಂಡಳು. ಹುಣಸೂರಿನ ಈ ಕ್ಲಿನಿಕ್ಕಿನಲ್ಲಿ ಅವಳು ಆಯಾ ಆಗಿ ಸೇರಿ ಹದಿನಾಲ್ಕು ವರ್ಷ. ಆಯುಧಪೂಜೆಗೆಂದು ಒಂದೇ ಒಂದು ದಿನ ರಜೆ ಹಾಕಿದ್ದಳು.

ಮೀನಿನ ತೊಟ್ಟಿ ಬಂದು ನಾಲ್ಕು ವರ್ಷವಾಗಿತ್ತು. ಈಶಾನ್ಯದಲ್ಲಿ ಮೀನಿದ್ದರೆ ಒಳ್ಳೆಯದೆಂದು ಯಾರೋ ಹೇಳಿದ್ದಕ್ಕೆ ಡಾಕ್ಟರ್ ಶಿವಶಂಕರ ಮೈಸೂರಿನಿಂದ ತರಿಸಿದ್ದರು. ಮೊದಲ ವರ್ಷ ಎಂಟು ಮೀನಿದ್ದವು. ಎಲ್ಲಿಯೂ ಒಂದು ಕಲೆ ಸಹಿಸದ ಕೆಂಪಾಜಮ್ಮ ಒಂದು ಭಾನುವಾರ ಕಲ್ಲು, ಗಾಜು, ಮೋಟರಿನ ಸ್ಪಂಜು ಎಲ್ಲವನ್ನೂ ಸೋಪಿನ ಪುಡಿ ಹಾಕಿ ಉಜ್ಜಿ, ಹೊಸ ನಲ್ಲಿ ನೀರು ತುಂಬಿದಳು. ತೊಟ್ಟಿ ಫಳಫಳ ಹೊಳೆಯಿತು. ನಾಲ್ಕೇ ದಿನದಲ್ಲಿ ಎಂಟೂ ತೇಲಿದವು. ಆಮೇಲೆ ಮೀನಿನ ಅಂಗಡಿಯವನು ಬಂದು ತಿಳಿಸಿ ಹೇಳಿದ: ಸ್ಪಂಜಿನಲ್ಲಿರುವ ಆ ಕಂದು ಲೋಳೆಯೇ ಮೀನಿನ ಹೊಲಸನ್ನು ಅರಗಿಸುವುದು, ಅದನ್ನು ತೊಳೆದು ಕಳೆದರೆ ಮೀನು ತನ್ನ ಉಚ್ಚೆಯಲ್ಲಿ ತಾನೇ ಬೇಯುತ್ತದೆ. ಅಂದಿನಿಂದ ಅವಳು ಸ್ಪಂಜನ್ನು ತೊಟ್ಟಿಯದೇ ನೀರಿನಲ್ಲಿ ಒಮ್ಮೆ ಹಿಂಡಿ ಬಿಟ್ಟುಬಿಡುತ್ತಿದ್ದಳು. ನಲ್ಲಿಯ ನೀರನ್ನು ಬ್ಲೀಚಿಂಗ್ ವಾಸನೆ ಹೋಗುವ ತನಕ ಅಗಲವಾದ ಟಬ್ಬಿನಲ್ಲಿ ಒಂದು ದಿನ ತೆರೆದಿಡುತ್ತಿದ್ದಳು. ಕೊಳೆಯಲ್ಲಿ ಒಂದಿಷ್ಟನ್ನು ಕೊಳೆಯಾಗಿಯೇ ಇರಗೊಡುವುದು ಅವಳಿಗೆ ಸುಲಭವಾಗಿ ಬಂದ ವಿದ್ಯೆಯಲ್ಲ. ಎಂಟು ಮೀನು ತನ್ನ ಕೈಯಿಂದಲೇ ಹೋಗಿದ್ದವು. ಆಮೇಲೆ ತಂದ ಈ ನಾಲ್ಕನ್ನು ಹಾಗೆ ಬಿಟ್ಟುಕೊಡಲು ಅವಳು ತಯಾರಿರಲಿಲ್ಲ.

ಒಂಬತ್ತಕ್ಕೆ ಕಾಂಪೌಂಡರ್ ನಿಂಗರಾಜು ಹೊಸ ಶರ್ಟು ತೊಟ್ಟು ಬಂದ.

"ಏನ್ ಕಣಪ್ಪ ನಿಂಗರಾಜು, ಮೋಟ್ರು ಯಾಕ್ ಈಚಿಗೆ ತಗ್ದೆ?"

"ಆಯುಧಪೂಜೆ ಅಲ್ವೇನಕ್ಕ? ಅದೂವೆ ಮಿಷಿನ್ನೇ ತಾನೆ? ಸ್ಪಂಜು ಎಷ್ಟು ಗಲೀಜಿತ್ತು ಅಂತೀಯ! ಸೋಪಾಕಿ ತೊಳ್ದಿವ್ನಿ, ನೋಡು, ಮಲ್ಲಿಗೆ ಹೂವಿನಂಗದೆ. ಪೂಜೆ ಆದ್ಮೇಲೆ ಮಿಷಿನ್ ಓಡಿಸ್ಬಾರ್ದು."

"ಮತ್ತೆ ಫ್ರಿಜ್ಜು ಓಡ್ತಾ ಅದಲ್ಲ?"

"ಅದ್ರೊಳಗೆ ಇಂಜೆಕ್ಷನ್ ಅವೆ ಕಣಕ್ಕ."

"ಈ ತೊಟ್ಟಿಯೊಳಗೇನು ಬರೀ ಕಲ್ಲಿದ್ವಾ?"

ನಿಂಗರಾಜು ಅವಸರವಾಗಿ ಮೋಟರನ್ನು ನೀರಿಗಿಳಿಸಿ ಸ್ವಿಚ್ ಒತ್ತಿದ. ಅದು ಒಮ್ಮೆ ಗುರ್ ಎಂದು ಸುಮ್ಮನಾಯಿತು. ಅರಿಸಿನ, ವಿಭೂತಿಯೆಲ್ಲ ಒಳಗೆ ಸೇರಿ ಗಟ್ಟಿಯಾಗಿತ್ತು. ಬೇರೆ ಮೋಟರು ಮೈಸೂರಿನಿಂದಲೇ ಬರಬೇಕು. ಹಬ್ಬಕ್ಕೆ ಅಂಗಡಿಗಳು ಬಾಗಿಲು ಹಾಕಿದ್ದವು. ಡಾಕ್ಟರು ಮಂಡ್ಯದ ಮಾವನ ಮನೆಯಲ್ಲಿದ್ದರು, ಬರುವುದು ಇನ್ನೆರಡು ದಿನಕ್ಕೆ. ಫೋನು ಮಾಡಿದರೆ ಅವರೂ, "ಅದಕ್ಕೇನಂತೆ, ಪೂರ್ತಿ ನೀರು ಚೆಲ್ಲಿ ಹೊಸದು ತುಂಬಿಸಿ" ಎಂದು ಇಟ್ಟುಬಿಟ್ಟರು.

ಕೆಂಪಾಜಮ್ಮ ಪೂರ್ತಿ ಚೆಲ್ಲಲಿಲ್ಲ. ರಬ್ಬರ್ ಪೈಪಿನಿಂದ ತಳದ ಹೊಲಸನ್ನು ಎಳೆಯುತ್ತ ಮೂರರಲ್ಲಿ ಒಂದು ಪಾಲು ನೀರು ತೆಗೆದಳು. ಟಬ್ಬಿನಲ್ಲಿ ಮೊನ್ನೆಯಿಂದ ತೆರೆದಿಟ್ಟ ನೀರನ್ನು ಅಂಚಿನ ಗುಂಟ ನಿಧಾನವಾಗಿ ಬಿಟ್ಟಳು. ಆಮೇಲೆ ಸ್ಟೂಲಿನ ಮೇಲೆ ನಿಂತು, ತೊಟ್ಟಿಯದೇ ನೀರನ್ನು ಚೊಂಬಿನಲ್ಲಿ ಮೊಗೆದು, ನೀರಿಗೆ ಗಾಳಿ ಸೇರಲೆಂದು ಕಾಫಿ ಆರಿಸುವವರಂತೆ ಮೇಲಿನಿಂದ ಸುರಿದಳು. ನೂರು ಚೊಂಬಿಗೆ ಮೀನುಗಳು ಒಂದು ಗೇಣು ಕೆಳಗಿಳಿದವು. ಅವಳ ರಟ್ಟೆ ಬಿದ್ದುಹೋಗಿತ್ತು. ಗಂಟೆಗೊಮ್ಮೆ ಹೀಗೆಯೇ ಆಗಬೇಕಿತ್ತು.

ಅಷ್ಟರಲ್ಲಿ ನಿಂಗರಾಜು ಕೈಯಲ್ಲಿ ಏನೋ ಹಿಡಿದು ಬಂದ. "ಒಸಿ ಪಟಿಕ ಆಡಿಸ್ತೀನಿ ಕಣಕ್ಕ, ನೀರು ತಿಳಿಯಾಯ್ತದೆ."

"ತಿಳಿಯಾದ್ರೆ ನಿನ್ ಕಣ್ಗೆ ಚೆಂದ. ಮಡಗು ಅತ್ಲಾಗೆ."

ಅವನನ್ನು ಅತ್ತ ಕಳಿಸಿ ಇತ್ತ ತಿರುಗಿದರೆ, ಬಿಳಿಕೆರೆಯಿಂದ ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟಿಸಿಕೊಳ್ಳಲು ಬಂದ ಮುದುಕಿ ಕುಳ್ಳಮ್ಮ ಸೆರಗಿನ ಗಂಟು ಬಿಚ್ಚಿ ಪೂಜೆಯ ಕಡ್ಲೆಪುರಿಯನ್ನು ತೊಟ್ಟಿಗೆ ಉದುರಿಸುತ್ತಿದ್ದಳು.

"ಅಯ್ಯೋ ಕುಳ್ಳಮ್ಮಾರೆ! ಯಾರ್ ಹಾಕು ಅಂದೋರು?"

"ಬಾಯ್ ಬುಟ್ಕಂಡು ಕೇಳ್ತಾವೆ ಕಣ್ ತಾಯಿ. ಹಬ್ಬದ್ ದಿನ ಉಪಾಸ ಕೆಡವೀಯಾ? ನಿಂಗೆ ಕರ್ಳು ಚುರುಕ್ ಅನ್ನಕಿಲ್ವಾ?"

"ತಿಂದಷ್ಟೂ ಹೊಲಸು, ಹೊಲಸಾದಷ್ಟೂ ವಿಷ. ಮೂರು ದಿನ ತಿನ್ನದಿದ್ರೆ ಮೀನು ಸಾಯಕಿಲ್ಲ ಕಣ್ರವ್ವ."

"ನಮ್ಮೂರ್ ಕೆರೇಲಿ ಯಾವ್ ಮೋಟ್ರದೆ? ಅಲ್ಲೂ ಮೀನವೆ."

"ನಿಮ್ಮೂರ್ ಕೆರೆನ ಇಲ್ಲಿಗ್ ತಂದ್ಬುಡಿ, ಮೋಟ್ರು ಬ್ಯಾಡ."

ಕುಳ್ಳಮ್ಮ ಮುಖ ತಿರುಗಿಸಿಕೊಂಡಳು. ಕೆಂಪಾಜಮ್ಮ ಟೀ ಸೋಸುವ ಜಾಲರಿ ತಂದು, ನೆಂದ ಪುರಿಯನ್ನು ಒಂದೊಂದಾಗಿ ಎತ್ತಿದಳು. ಸಂಜೆಯಾದರೂ ಅವಳ ಊಟದ ಡಬ್ಬಿಯಲ್ಲಿದ್ದ ಅನ್ನ ಹಾಗೆಯೇ ಇತ್ತು.

ಮಾರನೆಯ ದಿನವೂ ಹಾಗೆಯೇ ನೀರು ತೆಗೆದಳು, ಹಾಕಿದಳು, ಚೊಂಬು ಎತ್ತಿದಳು. ಮಸುಕು ಕೊಂಚ ಹರಿದು, ಕಿತ್ತಳೆ ಮೀನುಗಳು ತಳದ ಕಲ್ಲು ಮುಟ್ಟಿ ಬರತೊಡಗಿದವು. ಕರಿ ಮೀನು ಮಾತ್ರ ಮೂಲೆ ಹಿಡಿದಿತ್ತು. ಮಧ್ಯಾಹ್ನದ ಹೊತ್ತಿಗೆ ಒಂದು ಮಗ್ಗುಲಿಗೆ ವಾಲಿ, ಹಾಗೆಯೇ ನಿಂತುಹೋಯಿತು. ಅವಳು ಅದನ್ನು ಅಂಗೈಯಲ್ಲಿ ಎತ್ತಿ ಹಿತ್ತಲಿಗೆ ಒಯ್ದಳು. ನಿಂಗರಾಜು ಅವಳು ಇಳಿದ ಸ್ಟೂಲನ್ನು ಹತ್ತಿ ಚೊಂಬು ಹಿಡಿದ.

ಮೂರನೆಯ ಬೆಳಿಗ್ಗೆ ಡಾಕ್ಟರು ಮೈಸೂರಿನ ಮೇಲೆ ಹಾದು ಹೊಸ ಮೋಟರು ತಂದರು. ತೊಟ್ಟಿಯಲ್ಲಿ ಗುಳ್ಳೆ ಎದ್ದಿತು.

"ಒಂದೇ ಹೋಗಿದ್ದಾ? ಪರವಾಗಿಲ್ಲ ಕೆಂಪಾಜಮ್ಮ, ನಾಳೆ ಹತ್ತು ತರಿಸಿಬಿಡೋಣ. ತುಂಬಿಕೊಂಡಿದ್ದರೆ ಲಕ್ಷಣ."

"ಬ್ಯಾಡ ಸಾ."

ಡಾಕ್ಟರು ಕೋಣೆಗೆ ಹೊರಟವರು ನಿಂತರು. ಹದಿನಾಲ್ಕು ವರ್ಷದಲ್ಲಿ ಈ ಮಾತು ಅವರು ಅವಳ ಬಾಯಲ್ಲಿ ಕೇಳಿದ್ದಿಲ್ಲ.

"ಸ್ಪಂಜು ಹೊಸದು ಸಾ. ಅದು ಲೋಳೆ ಕಟ್ಟಾಕೆ ತಿಂಗಳೇ ಬೇಕು. ಅಲ್ಲೀಗಂಟ ಮೂರೇ ಇರ್ಲಿ, ದಿನಾ ಒಸೊಸಿ ನೀರು ನಾನ್ ಬದ್ಲಾಯಿಸ್ತೀನಿ. ಹತ್ತು ಬುಟ್ರೆ ಹದ್ಮೂರೂ ಹೋಯ್ತವೆ."

"ಮತ್ತೆ ಈ ಮೋಟರು ತಂದದ್ದು ಯಾತಕ್ಕೆ?"

"ಅದು ನೀರು ತಿರುಗಿಸ್ತದೆ ಸಾ, ಅಷ್ಟೆ."

ಡಾಕ್ಟರು ತೊಟ್ಟಿ ನೋಡಿದರು, ಅವಳ ಊದಿದ ಮಣಿಕಟ್ಟು ನೋಡಿದರು. "ಆಯ್ತು, ತಿಂಗಳು ಕಳೀಲಿ" ಎಂದು ಒಳಗೆ ಹೋದರು.

ಹೊರಗೆ ನಲ್ಲಿಯಲ್ಲಿ ನೀರು ಬಂದ ಸದ್ದಾಯಿತು. ಕೆಂಪಾಜಮ್ಮ ಟಬ್ಬು ಎತ್ತಿಕೊಂಡಳು. ನಾಳೆಗೆ ಬೇಕಾದ ನೀರನ್ನು ಇವತ್ತೇ ಹಿಡಿದಿಡಬೇಕಿತ್ತು.