ಬಸುರಿ ಗುಂಡಿನ ಮೇಲಿನ ಗೆರೆ

ಬೆಳಿಗ್ಗೆ ಆಡು ಹೊಡೆದುಕೊಂಡು ಹೋದ ಹುಲಗಮ್ಮ ಬಸುರಿ ಗುಂಡೆಂಬ ದೊಡ್ಡ ಬಂಡೆಯ ಮುಂದೆ ತಟ್ಟನೆ ನಿಂತಳು. ಬಂಡೆಯ ಹೊಟ್ಟೆಯ ತುಂಬ ಬಿಳಿ ಗುರುತುಗಳು.

ಬಿಳಿ ಗುರುತೆಂದರೇನೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮದುವೆಯಾಗಿ ಸಾಣಾಪುರಕ್ಕೆ ಬಂದಾಗಿನಿಂದ ಗಂಡ ಸಾಯುವವರೆಗೂ ಅವನ ಜೊತೆ ಕಲ್ಲು ಒಡೆದವಳು. ಒಡೆಯಬೇಕಾದ ಗುಂಡಿಗೆ ಮೊದಲು ಸುಣ್ಣ ಬಳಿಯುತ್ತಾರೆ. ಆಮೇಲೆ ಬೆಣೆ ಬಡಿಯುವ ಜಾಗಕ್ಕೆ ಕೆಮ್ಮಣ್ಣಿನ ಗೆರೆ ಎಳೆಯುತ್ತಾರೆ. ಗೆರೆ ಬಿದ್ದ ಗುಂಡು ಉಳಿದದ್ದನ್ನು ಅವಳು ಕಂಡಿರಲಿಲ್ಲ.

ಗಂಡ ಹೋದ ಮೇಲೆ ಸುತ್ತಿಗೆ ಬಿಟ್ಟು ಆಡು ಸಾಕಿದಳು. ಸುತ್ತಲೂ ಬರೀ ಕಲ್ಲುಗುಡ್ಡ. ಬೇಸಿಗೆಯಲ್ಲಿ ಬಂಡೆಗಳು ಹಂಚಿನಂತೆ ಕಾಯುತ್ತವೆ. ಬಸುರಿ ಗುಂಡೊಂದೇ ಹೊಟ್ಟೆ ಚಾಚಿ ನೆರಳು ಕೊಡುತ್ತಿತ್ತು. ಅದರ ಅಡಿಯ ಕಲ್ಲಿನ ದೊಣೆಯಲ್ಲಿ ಮಳೆನೀರು ನಿಂತು ಬೇಸಿಗೆಗೂ ಒದಗುತ್ತಿತ್ತು. ಆ ನೆರಳು, ಆ ನೀರು ಹೋದರೆ ಆಡು ಹೋದವು. ಆಡು ಹೋದರೆ ಅವಳ ಮನೆಯ ಒಲೆ ಹೊತ್ತುವುದಿಲ್ಲ.

ಗುಂಡು ಇದ್ದದ್ದು ಅವಳ ಹೊಲಕ್ಕೂ ಮೈದುನ ಹನಮಪ್ಪನ ಹೊಲಕ್ಕೂ ನಡುವಿನ ಬದುವಿನ ಮೇಲೆ. ಒಬ್ಬರ ಒಪ್ಪಿಗೆಯಿಲ್ಲದೆ ಇನ್ನೊಬ್ಬರು ಮುಟ್ಟುವಂತಿರಲಿಲ್ಲ. ಕೆರೆ, ಗುಡ್ಡ ನೋಡಲು ಬರುವವರಿಗೆಂದು ಆಚೆ ಯಾರೋ ರೆಸಾರ್ಟ್ ಕಟ್ಟುತ್ತಿದ್ದರು. ಅದರ ಪಾಯಕ್ಕೆ ಈ ಗುಂಡನ್ನು ಕೊಡೋಣವೆಂದು ಹನಮಪ್ಪ ಹೋದ ಬೇಸಿಗೆಯಲ್ಲೇ ಕೇಳಿದ್ದ. ಅವಳು ಒಲ್ಲೆ ಎಂದಿದ್ದಳು.

ಹುಲಗಮ್ಮ ನೇರವಾಗಿ ಚಹಾದಂಗಡಿಗೆ ನಡೆದಳು. ಹನಮಪ್ಪ ಮಂದಿಯ ನಡುವೆ ಕುಳಿತಿದ್ದ.

“ನನ್ನ ಕೇಳದಂಗ ಗುಂಡಿಗೆ ಸುಣ್ಣ ಹಚ್ಚಿಸೀ ಏನೋ? ನಿಮ್ಮಣ್ಣ ಸತ್ತಾನಂತ ನಾನೂ ಸತ್ತೀನೇನು?”

“ಅತ್ತಿಗಿ, ನಮ್ಮವ್ವನ ಆಣಿ, ನಂಗ ಗೊತ್ತಿಲ್ಲ.”

“ಆಣಿ ಮಾಡಬ್ಯಾಡ. ನಿಮ್ಮವ್ವ ನಿನ್ನ ಆಣಿ ಕೇಳಿ ಕೇಳೇ ಹೋದ್ಲು.”

ಮಂದಿ ಬಿದ್ದು ಬಿದ್ದು ನಕ್ಕರು. ಹನಮಪ್ಪ ಚಹಾ ಅರ್ಧಕ್ಕೇ ಬಿಟ್ಟು ಎದ್ದುಹೋದ.

ಹುಲಗಮ್ಮ ಬೂದಿ ಹಾಕಿ, ತೆಂಗಿನ ನಾರಿನಿಂದ ಗುಂಡನ್ನು ತಿಕ್ಕಿದಳು. ಗುರುತು ಮತ್ತೆ ಬಂದವು. ಮತ್ತೆ ತಿಕ್ಕಿದಳು. ಒಂದು ಬೆಳಿಗ್ಗೆ ನೋಡಿದರೆ, ಪ್ಯಾಂಟು ತೊಟ್ಟ ಹುಡುಗಿಯೊಬ್ಬಳು ಗುಂಡಿನ ಹೊಟ್ಟೆಗೆ ಹಲ್ಲಿಯಂತೆ ಅಂಟಿಕೊಂಡಿದ್ದಾಳೆ! ಕೆಳಗೆ ದಪ್ಪನೆಯ ಹಾಸಿಗೆ.

“ಯಾರವ್ವ ನೀ? ಹಾಸಿಗಿ ಹೊತ್ಕೊಂಡು ಬಂದೀಯಲ್ಲ, ನಿಮ್ಮೂರಾಗ ಮಲಗಾಕ ಜಾಗ ಇಲ್ಲೇನು?”

ಹುಡುಗಿ ಜಾರಿ ಹಾಸಿಗೆಯ ಮೇಲೆ ಬಿದ್ದು ನಕ್ಕಳು. ಹುಬ್ಬಳ್ಳಿಯ ಅಮೃತಾ, ಬಂಡೆ ಹತ್ತುವ ಹುಚ್ಚಿನವಳು.

“ಕೈ ಬೆವತ್ರ ಜಾರತೈತ್ರಿ ಅಮ್ಮಾರ. ಅದಕ್ಕ ಈ ಬಿಳಿ ಪುಡಿ ಹಚ್ಕೋತೀವ್ರಿ. ಕಲ್ಲಿಗೇನೂ ಆಗೂದಿಲ್ರಿ.”

ಹುಲಗಮ್ಮನ ಕೈಯ ನಾರು ಕೆಳಗೆ ಬಿತ್ತು. ಇಷ್ಟು ದಿನ ತಿಕ್ಕಿದ್ದು ಇದಕ್ಕೆ! ಸುದ್ದಿ ಊರಿಗೆ ಮುಟ್ಟಲು ತಡವಾಗಲಿಲ್ಲ. “ಹುಲಗಮ್ಮ ಗುಂಡಿಗೆ ಜಳಕ ಮಾಡಿಸ್ತಾಳ” ಎಂದು ಎಲ್ಲರೂ ಆಡಿಕೊಂಡರು. ಹನಮಪ್ಪ ಮಾತ್ರ ನಗಲಿಲ್ಲ. ಅವನನ್ನು ಸುಳ್ಳೇ ಬೈದಿದ್ದಳಲ್ಲ, ಆ ನಗದಿದ್ದ ಮುಖವೇ ಅವಳನ್ನು ಹೆಚ್ಚು ಚುಚ್ಚಿತು.

ಕೆಲವು ದಿನಗಳ ಮೇಲೆ ಒಂದು ಸಂಜೆ ಗುಂಡಿನ ಮೇಲೆ ಕೆಂಪು ಗೆರೆ ಕಂಡಿತು. ನೆಟ್ಟಗಿತ್ತು. ಬದುವಿನಾಚೆ ಹನಮಪ್ಪ ನಿಂತಿದ್ದ. ಅವಳು ಗೆರೆಯನ್ನು ನೋಡಿದಳು, ಅವನನ್ನು ನೋಡಿದಳು. ಮಾತು ನಾಲಿಗೆಯ ತುದಿಗೆ ಬಂತು. ಆ ಹುಡುಗಿಯ ಹತ್ತಿರ ಕೆಂಪು ಪುಡಿಯೂ ಇದ್ದೀತು; ಮತ್ತೊಮ್ಮೆ ಬೈದು ಮತ್ತೊಮ್ಮೆ ನಗೆಪಾಟಲಾಗುವುದೇಕೆ? ಅಷ್ಟು ವರ್ಷ ಕಲ್ಲು ಒಡೆದವಳು ಕಣ್ಣೆದುರಿನ ಗೆರೆಯನ್ನು ನಂಬದೆ ಆಡು ಹೊಡೆದುಕೊಂಡು ಮನೆಗೆ ಹೋದಳು.

ಮರುದಿನ ಗಂಗಾವತಿ ಸಂತೆಯಿಂದ ಬರುವಾಗ ದೂರದಿಂದಲೇ ಮಷಿನ್ ಸದ್ದು ಕೇಳಿಸಿತು. ಓಡಿದಳು. ಕೊರೆದ ತೂತುಗಳಿಗೆ ಆಳುಗಳು ಬೆಣೆ ಬಡಿಯುತ್ತಿದ್ದರು. ಅವಳು ಕೂಗುವಷ್ಟರಲ್ಲಿ ಬಂಡೆ ಒಳಗಿನಿಂದ ಒಮ್ಮೆ ನರಳಿ, ಚಟ್ಟನೆ ಎರಡಾಗಿ ಸೀಳಿತು. ಅವಳಿಗೆ ಹೊಸ ಸದ್ದಲ್ಲ ಅದು. ಆದರೂ ಕೈಯ ಚೀಲ ಎಸೆದು, ಪಕ್ಕದಲ್ಲಿ ನಿಂತಿದ್ದ ಮೈದುನನತ್ತ ನುಗ್ಗಿದಳು.

“ಏನ್ ಮಾಡಿದ್ಯೋ ಹನಮಪ್ಪ!”

ಹನಮಪ್ಪ ಬೆಪ್ಪಾಗಿ ಅವಳನ್ನೇ ನೋಡಿದ.

“ನಿನ್ನಿ ಗೆರಿ ನೋಡಿದ್ಯಲ್ಲ ಅತ್ತಿಗಿ. ನನ್ನೂ ನೋಡಿದಿ. ಬೈಯಾಕ ನಿನಗ ಎಂದಾರ ಬಾಯಿ ಕಟ್ಟಿತ್ತೇನು? ಸುಮ್ಮನ ಹೋದಿ. ಒಪ್ಪಿದೀ ಅಂದ್ಕೊಂಡೆ.”

ಅವನು ಸುಳ್ಳು ಹೇಳಿದ್ದರೆ ಸೊಂಟಕ್ಕೆ ಸೆರಗು ಸಿಕ್ಕಿಸಿ ಜಗಳಾಡಬಹುದಿತ್ತು. ಅವನು ಹೇಳಿದ್ದು ನಿಜ.

ಆಳುಗಳು ಎರಡನೆಯ ಹೋಳಿಗೆ ಕೈಹಾಕಿದಾಗ ಹುಲಗಮ್ಮ ಅದಕ್ಕೆ ಬೆನ್ನು ಆನಿಸಿ ಕುಳಿತಳು.

“ಆ ಹೋಳು ನಿಂದು, ಒಯ್ಯಿ. ಇದು ನನ್ನ ಹೊಲದಾಗ ಐತಿ. ಈಗ ಬಾಯಿ ಬಿಟ್ಟು ಹೇಳಾಕತ್ತೀನಿ, ಎಲ್ಲಾರೂ ಕೇಳ್ರಿ. ಒಲ್ಲೆ.”

ಯಾರೂ ಮುಟ್ಟಲಿಲ್ಲ.

ಈಗ ಉಳಿದಿರುವುದು ಅರ್ಧ ಹೊಟ್ಟೆ. ನೆರಳು ಬೀಳುವುದು ಹೊತ್ತು ಇಳಿದ ಮೇಲೆ. ಬಿಸಿಲಿಗೆ ಬಿದ್ದ ದೊಣೆ ಬೇಗ ಬತ್ತುತ್ತದೆ; ಅವಳು ಒಂದಷ್ಟು ಆಡು ಮಾರಿದ್ದಾಳೆ. ಉಳಿದವಕ್ಕೆ ನೆರಳು ಹೋದದ್ದು ತಿಳಿಯದು. ಬಿಸಿಲೇರಿದೊಡನೆ ಹಳೆಯ ಜಾಗಕ್ಕೇ ಓಡಿ, ನೆರಳಿಲ್ಲದ ಕಡೆ ಒತ್ತೊತ್ತಾಗಿ ನಿಲ್ಲುತ್ತವೆ. ಹುಲಗಮ್ಮ ಎದ್ದು ಹೋಗಿ ಅವನ್ನು ಮನೆಗೆ ಹೊಡೆದುಕೊಂಡು ಬರುತ್ತಾಳೆ.